ನೇಮನಿಷ್ಠೆ, ನಂಬಿಕೆ, ಲೆಕ್ಕ

ಶರವಣಂಪಟ್ಟಿಯ ನಮ್ಮ ಬೀದಿಯಲ್ಲಿ ಭಾನುವಾರ ಪಕ್ಕದ ಮನೆಯಿಂದ ತಮಿಳು ಬೈಬಲಿನ ಓದು ಕೇಳಿಸುತ್ತದೆ. ಎದುರು ಮನೆಯಿಂದ ಮಲಯಾಳದ್ದು. ಕಾಸರಗೋಡಿನ ಕಡೆಯವನಾದ ನನಗೆ ಎರಡೂ ತಿಳಿಯುತ್ತವೆ. ಆ ಕುತೂಹಲದಿಂದಲೇ, ಪೌಲನು ರೋಮಾಪುರದವರಿಗೆ ಬರೆದ ಪತ್ರವನ್ನು ಬೈಬಲ್ ಸೊಸೈಟಿಯ ಹಳೆಯ ಕನ್ನಡ ಅನುವಾದದಲ್ಲಿ ಓದಿದೆ. ನಾನು ಕ್ರೈಸ್ತನಲ್ಲ. ಸಾಮಾನ್ಯ ಓದುಗನಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಪತ್ರದ ವಾದ ಇಷ್ಟು: ವಿಧಿಗಳನ್ನು ಪಾಲಿಸಿ, ಸ್ವಂತ ಯೋಗ್ಯತೆಯ ಬಲದಿಂದ ಯಾರೂ ದೇವರ ಮುಂದೆ ನಿಲ್ಲಲಾರರು, ಕ್ರಿಸ್ತನನ್ನು ನಂಬಿದವರನ್ನು ದೇವರು ಉಚಿತವಾಗಿ ಸ್ವೀಕರಿಸುತ್ತಾನೆ. 1522ರ ಜರ್ಮನ್ ಅನುವಾದದಲ್ಲಿ ಮಾರ್ಟಿನ್ ಲೂಥರ್ ಇದಕ್ಕೆ 'ಮಾತ್ರ' ಎಂಬ ಪದವನ್ನು ತಾನೇ ಸೇರಿಸಿ ದೊಡ್ಡ ಜಗಳಕ್ಕೆ ಕಾರಣನಾದ. ಕನ್ನಡದಲ್ಲಾದರೆ ಅಷ್ಟು ಕಷ್ಟವಿಲ್ಲ. 'ನಂಬಿಕೆಯಿಂದ' ಎನ್ನುವುದಕ್ಕೆ ಒಂದು 'ಏ'ಕಾರ ಹಚ್ಚಿದರೆ ಸಾಕು.

ಯೆಹೂದ್ಯರ ಧರ್ಮವಿಧಿಗೆ ತಮಿಳರೂ ಮಲಯಾಳಿಗಳೂ 'ನ್ಯಾಯಪ್ರಮಾಣ' ಎನ್ನುತ್ತಾರೆ. ಅದರಲ್ಲಿ ಕೋರ್ಟಿನ ವಾಸನೆಯಿದೆ. ಕನ್ನಡದಲ್ಲಿ ಅದು 'ಧರ್ಮಶಾಸ್ತ್ರ'. ಅದರ ಆಚರಣೆ 'ನೇಮನಿಷ್ಠೆ'. ನಮ್ಮ ಊರಿನಲ್ಲಿ ನೇಮವೆಂದರೆ ಭೂತದ ನೇಮವೂ ಹೌದು, ಆ ಮಾತು ಬೇರೆ. ಆದರೆ ನೇಮನಿಷ್ಠೆ ಎಂದೊಡನೆ ನನಗೆ ನೆನಪಾದದ್ದು ಅಡಿಗೆಮನೆ, ಒದ್ದೆ ಸೀರೆ, ನನ್ನ ಅಜ್ಜಿ.

ಅಜ್ಜಿ ಅರುವತ್ತು ವರ್ಷ ಏಕಾದಶಿ ತಪ್ಪಿಸಿದವರಲ್ಲ. ಕೊನೆಯ ಐದು ತಿಂಗಳು ಹಾಸಿಗೆ ಹಿಡಿದರು. ಮಡಿ ಹೋಯಿತು, ಉಪವಾಸ ಹೋಯಿತು, ಯಾರ ಕೈಯ ನೀರನ್ನು ಮುಟ್ಟುತ್ತಿರಲಿಲ್ಲವೋ ಅವಳೇ ನೀರು ಕುಡಿಸಿದಳು. "ಮಾಡಿದ್ದೆಲ್ಲ ನೀರಲ್ಲಿ ಹೋಯಿತು ಮಗಾ" ಎಂದು ಅಳುತ್ತಿದ್ದರು. ನಾನು ಸುಮ್ಮನೆ ಕುಳಿತಿರುತ್ತಿದ್ದೆ. 'ನ್ಯಾಯಪ್ರಮಾಣ' ಎಂದು ಓದಿದ್ದರೆ ಈ ಪತ್ರ ನನಗೆ ದೂರದ ರೋಮಿನದ್ದೇ ಆಗಿ ಉಳಿಯುತ್ತಿತ್ತು. ಕನ್ನಡದ ಅನುವಾದಕರು ಅದನ್ನು ನಮ್ಮ ಮನೆಯೊಳಗೆ ತಂದಿಟ್ಟರು.

ನಾಲ್ಕನೆಯ ಅಧ್ಯಾಯ ನನ್ನಂಥ ಬ್ಯಾಂಕ್ ಗುಮಾಸ್ತನಿಗೆಂದೇ ಬರೆದಂತಿದೆ. ಅಬ್ರಹಾಮನ ನಂಬಿಕೆ ಅವನ 'ಲೆಕ್ಕಕ್ಕೆ' ಸೇರುತ್ತದೆ, ಮಲಯಾಳದಲ್ಲಿ 'ಕಣಕ್ಕಿಟ್ಟು'. ಮೂಲ ಗ್ರೀಕ್ ಕ್ರಿಯಾಪದವನ್ನು ಲೆಕ್ಕಪತ್ರದ ವ್ಯವಹಾರದಲ್ಲೂ ಬಳಸುತ್ತಿದ್ದರು. ದುಡಿದವನ ಕೂಲಿ ಸಲ್ಲಬೇಕಾದ ಬಾಕಿಯೇ ಹೊರತು ದಾನವಲ್ಲ ಎಂದೂ ಪೌಲ ಹೇಳುತ್ತಾನೆ. ನನ್ನ ಸಂಬಳವೂ ಹಾಗೆಯೇ. ಕಟ್ಟದ ಹಣವನ್ನು ಜಮಾ ಮಾಡುವ ಲೆಕ್ಕವನ್ನು ಮಾತ್ರ ನಾನು ಎಲ್ಲಿಯೂ ಕಂಡಿಲ್ಲ!

ಅನುವಾದದ ತೊಡಕನ್ನೂ ಹೇಳಬೇಕು. ನಮ್ಮಲ್ಲಿ ಧರ್ಮವೆಂದರೆ ದಾನಧರ್ಮವೂ ಹೌದು. ಅವಸರದ ಓದುಗನಿಗೆ, ಹಸಿದವನಿಗೆ ಅನ್ನ ಹಾಕುವುದೂ ವ್ಯರ್ಥವೆಂದು ಪೌಲ ಹೇಳಿದಂತೆ ತೋರೀತು. ಅದೇ ಬೈಬಲಿನಲ್ಲಿರುವ ಯಾಕೋಬನ ಪತ್ರ ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆನ್ನುತ್ತದೆ. ಲೂಥರ್ ಅದನ್ನು ಒಣಹುಲ್ಲಿನ ಪತ್ರವೆಂದು ಹೀಗಳೆದ. ಈ ಒಂದು ವಿಷಯದಲ್ಲಿ ನಾನು ಯಾಕೋಬನ ಪಕ್ಷ. ಈ ಮೋಕ್ಷವಿಚಾರದಲ್ಲಿ ಕೆಥೊಲಿಕರೂ ಲೂಥರನ್ನರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದ್ದು 1999ರಲ್ಲಿ. ಅಷ್ಟು ಕಾಲ ಬೇಕಾಯಿತು.

ಅಜ್ಜಿ ಇದ್ದಾಗ ಈ ಅಧ್ಯಾಯ ನನಗೆ ಗೊತ್ತಿರಲಿಲ್ಲ. ಓದಿ ಹೇಳಿದ್ದರೆ, "ಕಾಲು ತೊಳೆದು ಬಂದು ಓದಿದೆಯಾ?" ಎಂದು ಮೊದಲು ಕೇಳುತ್ತಿದ್ದರು.