ಹಡಗು ಹತ್ತಿದವರು, ಹೆಂಚು ಹೊತ್ತವರು

ನಮ್ಮ ಕುಲಶೇಖರದ ಹಳೇ ಮನೆಗಳ ಮಾಡಿನಿಂದ ಹೆಂಚು ಇಳಿಸಿ ನೋಡಿ. ಕೆಲವದರ ಮೇಲೆ ಬಾಸೆಲ್ ಮಿಶನ್ ಎಂದು ಒತ್ತಿದ ಅಕ್ಷರ ಇನ್ನೂ ಉಂಟು. ಬಾಸೆಲ್ ಎಂದರೆ ಸ್ವಿಟ್ಜರ್ಲೆಂಡಿನ ಒಂದು ಪೇಟೆ. ಯುರೋಪಿನ ಪೇಟೆಯೊಂದರ ಹೆಸರು ನಮ್ಮ ಅಜ್ಜ ಅಜ್ಜಿಯರ ತಲೆಯ ಮೇಲೆ ಬಂದು ಕೂತದ್ದು ಹೀಗೆ. ಆ ಅಕ್ಷರ ಓದಲು ಅವರಿಗೆ ಬರುತ್ತಿರಲಿಲ್ಲ. ಹೆಂಚು ಹೊರಲು ಬರುತ್ತಿತ್ತು.

ಆ ಪೇಟೆಗೆ ಇಲ್ಲಿಂದ ಓದಲು ಹೋದವರೂ ಇದ್ದರು. ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷದ ಮೇಲೆ, 1844ರಲ್ಲಿ, ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕರು ಕ್ರೈಸ್ತರಾದರು. ಊರಿಗೆ ಊರೇ ಎದ್ದಿತು. 1846ರಲ್ಲಿ ಅವರು ಬಾಸೆಲಿಗೆ ಹೋದರು, ಅಲ್ಲಿ ಓದಿದರು, 1851ರಲ್ಲಿ ಪಾದ್ರಿಯ ದೀಕ್ಷೆ ಪಡೆದು ಮರಳಿ ಬಂದು ಇಲ್ಲಿ ಗುರುಗಳಾದರು. ಆ ಕಾಲದಲ್ಲಿ ಜಾತಿ ಬಿಟ್ಟು ಹೊರಬರುವುದು ಸಣ್ಣ ಧೈರ್ಯವಲ್ಲ. ಮಿಶನ್ ತನ್ನ ಸಭೆಯೊಳಗೆ ಜಾತಿಯನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಲೇಬೇಕು. ಆದರೆ ಅದೇ ಸಭೆಗೆ ಬಂದ ಬಿಲ್ಲವರಿಗೆ, ಇತರ ಕೆಳಜಾತಿಯವರಿಗೆ ಹೆಚ್ಚಾಗಿ ಸಿಕ್ಕಿದ್ದು ಮಗ್ಗ. 1865ರಲ್ಲಿ ಜೆಪ್ಪುವಿನ ಕಾರ್ಖಾನೆ ಶುರುವಾದ ಮೇಲೆ ಹೆಂಚಿನ ಮಣ್ಣು. ಒಬ್ಬರ ಬೆನ್ನಿಗೆ ತಲೆಮಾರುಗಳ ಅಕ್ಷರ ಬಂದಿತ್ತು, ಉಳಿದವರ ಬೆನ್ನಿಗೆ ತಲೆಮಾರುಗಳ ಕೂಲಿ. ನೀರಲ್ಲಿ ಮುಳುಗಿಸಿ ಎತ್ತಿದ ಮಾತ್ರಕ್ಕೆ ಅದು ತೊಳೆದು ಹೋಗುತ್ತದೆಯೇ?

ಈ ಹಳೇ ಕತೆ ಈಗ ಯಾಕೆ ಅಂದರೆ, ಪರದೇಶದಲ್ಲಿ ಓದಿದವರ ಅನುಭವವೇ ಆಧುನಿಕ ಕನ್ನಡ ಸಾಹಿತ್ಯಕ್ಕೆ ಹೊಸ ಕಣ್ಣು ಕೊಟ್ಟಿತು ಎಂದು ನಮ್ಮ ವಿಮರ್ಶೆ ಹೇಳುತ್ತಲೇ ಬಂದಿದೆ. ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ಬಂದರು, ಕನ್ನಡಕ್ಕೆ ಸಮುದ್ರಗೀತೆಗಳು ಬಂದವು. ಅನಂತಮೂರ್ತಿಯವರು 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದರು, 1965ರಲ್ಲಿ 'ಸಂಸ್ಕಾರ' ಬಂತು. ಅಲ್ಲಿ ಬರ್ಗ್‌ಮನ್ನನ ಸಿನಿಮಾ ನೋಡಿದ್ದು, ಗುರು ಮಾಲ್ಕಂ ಬ್ರಾಡ್‌ಬರಿ ಜೊತೆ ಮಾತಾಡಿದ್ದು, ಅದರಿಂದ ಕಾದಂಬರಿಯ ಬೀಜ ಮೊಳೆತದ್ದು, ಇದೆಲ್ಲ ಅವರೇ ಎಷ್ಟೋ ಸಲ ಹೇಳಿಕೊಂಡ ಕತೆ. ಯುರೋಪಿನವರಿಗೆ ಪುಸ್ತಕದಲ್ಲಿ ಮಾತ್ರ ಉಳಿದ ಮಧ್ಯಯುಗ ನಮ್ಮಲ್ಲಿ ಇನ್ನೂ ಬದುಕಿದೆ ಎಂಬುದು ಅವರ ಕಾಣ್ಕೆ.

ಸರಿ ಮಾರಾಯ್ರೆ, ಆ ಮಧ್ಯಯುಗ ಯಾರ ಮೈಮೇಲೆ ಬದುಕಿದೆ? 'ಸಂಸ್ಕಾರ'ವನ್ನು ಕೇರಿಯ ಕಡೆಯಿಂದ ಓದಿ ನೋಡಿ. ನಾರಣಪ್ಪ ಎಂಬ ಬ್ರಾಹ್ಮಣನ ಒಂದು ಹೆಣ ಯಾರು ಸುಡಬೇಕು ಎಂಬುದಕ್ಕೆ ಇಡೀ ಅಗ್ರಹಾರ ಉಪವಾಸ ಕೂರುತ್ತದೆ, ಪ್ರಾಣೇಶಾಚಾರ್ಯರು ಓಲೆಗರಿ ತಡಕುತ್ತಾರೆ. ಅದೇ ಹೊತ್ತಿಗೆ ಕೇರಿಯಲ್ಲಿ ಜನ ಜ್ವರದಿಂದ ಸಾಯುತ್ತಿದ್ದಾರೆ. ಅವರನ್ನು ಗುಡಿಸಲ ಸಮೇತ ಸುಡುತ್ತಾರೆ. ಅಲ್ಲಿ ಶಾಸ್ತ್ರವಿಲ್ಲ, ಪ್ರಶ್ನೆಯಿಲ್ಲ. ಬೆಳ್ಳಿ ಬರುತ್ತಾಳೆ, ಅವಳ ಮೈಯ ವರ್ಣನೆ ನಮಗೆ ಸಿಗುತ್ತದೆ, ಅವಳ ದುಃಖ ಸಿಗುವುದಿಲ್ಲ. ಅಗ್ರಹಾರವನ್ನು ಒಳಗಿನಿಂದ ಅಲುಗಾಡಿಸಿದ ಕೃತಿ ಅದು, ಅದರ ಸಿಟ್ಟು ನಿಜವಾದದ್ದೇ. ನಮ್ಮ ತಕರಾರು ಇಷ್ಟೇ: ಬರ್ಮಿಂಗ್‌ಹ್ಯಾಮಿನ ಕಿಟಕಿಯಿಂದ ನೋಡಿದಾಗಲೂ ಕಂಡದ್ದು ಅಗ್ರಹಾರದ ಹೆಣ. ಕೇರಿಯ ಬೆಂಕಿ ಹಿಂದಿನ ಪರದೆಯಾಗಿಯೇ ಉಳಿಯಿತು. ಎಷ್ಟು ದೂರ ಹೋದರೂ ಕಣ್ಣು ಹುಟ್ಟಿದ ಜಗಲಿಯಲ್ಲೇ ಕೂತಿತ್ತು.

ಇನ್ನೊಂದು ಪುಸ್ತಕ ಉಂಟು, ಸಣ್ಣದು. ನಮ್ಮ ವಿಮರ್ಶಕರು ಅದನ್ನು ಚರಿತ್ರೆಯ ಕಪಾಟಿನಲ್ಲಿ ಇಟ್ಟು ಸಾಹಿತ್ಯದ ಮಾತಿಗೆ ಬಾರದ ಹಾಗೆ ನೋಡಿಕೊಂಡಿದ್ದಾರೆ. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ'. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 1990ರಲ್ಲಿ ಪುಸ್ತಕವಾಗಿ ಬಂದದ್ದು. 1913ರಲ್ಲಿ ಬರೋಡಾ ಮಹಾರಾಜರ ನೆರವಿನಿಂದ ನ್ಯೂಯಾರ್ಕಿಗೆ ಹೋದರು, 1916ರಲ್ಲಿ ಲಂಡನ್ನಿಗೆ. 1917ರಲ್ಲಿ ನೆರವು ಮುಗಿಯಿತು, ಓದು ಅರ್ಧಕ್ಕೆ ಬಿಟ್ಟು ಬರೋಡಾದ ಚಾಕರಿಗೆ ಬರಬೇಕಾಯಿತು. ಅಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ಛತ್ರದಲ್ಲಿ ಹತ್ತು ದಿನ ಕಳೆದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಹನ್ನೆರಡು ಮಂದಿ ಬಂದು ಹೊರಡಿಸಿದರು. ಹಿಂದೂ ಗೆಳೆಯ ತನ್ನ ಮನೆಯ ಆಳುಗಳು ಬಿಟ್ಟು ಹೋಗುತ್ತಾರೆ ಅಂದ. ಬ್ರಾಹ್ಮಣ ಕುಲದಿಂದ ಕ್ರೈಸ್ತನಾದ ಇನ್ನೊಬ್ಬ ಗೆಳೆಯ, ಹೆಂಡತಿಯನ್ನು ಕೇಳಬೇಕು ಅಂದ. ಆಕೆ ಮತ ಬದಲಿಸಿದ್ದರೂ ಮಡಿ ಬಿಟ್ಟಿರಲಿಲ್ಲ.

ಪರದೇಶದ ಆ ವರ್ಷಗಳು ತಾನು ಅಸ್ಪೃಶ್ಯ ಎಂಬ ಅರಿವನ್ನೇ ಮನಸ್ಸಿನಿಂದ ಒರೆಸಿ ಹಾಕಿದ್ದವು ಎಂದು ಅವರು ಬರೆಯುತ್ತಾರೆ. ಬರೋಡಾ ಸ್ಟೇಷನ್ನಿನಲ್ಲಿ ಇಳಿದಾಗ ಅದು ಹಿಂದಕ್ಕೆ ಬಂತು. ಪುಸ್ತಕದ ಹೆಸರು ನೋಡಿ: ವೀಸಾ ಬೇಕಾದದ್ದು ಲಂಡನ್ನಿಗೆ ಅಲ್ಲ, ತನ್ನದೇ ನೆಲಕ್ಕೆ. ಈ ಬರಹದಲ್ಲಿ ರೂಪಕ ಇಲ್ಲ, ಅಲಂಕಾರ ಇಲ್ಲ, ತನ್ನ ಬಗ್ಗೆ ಕನಿಕರವೂ ಇಲ್ಲ. ಒಂದು ದಿನಕ್ಕೆ ಬಾಡಿಗೆ ಎಷ್ಟು ಎಂಬ ಲೆಕ್ಕ ಇದೆ. ಅನುಭವದ ಪ್ರಾಮಾಣಿಕತೆ ಅಂತ ನವ್ಯದವರು ಯಾವುದನ್ನು ಹುಡುಕುತ್ತಿದ್ದರೋ ಅದು ಇಲ್ಲಿ ಕೂತಿದೆ. ಪರದೇಶದ ಓದಿನ ಬಗ್ಗೆ ಪಾಠ ಮಾಡುವ ಮೇಷ್ಟ್ರುಗಳು 'ಸಂಸ್ಕಾರ'ದ ಪಕ್ಕದಲ್ಲಿ ಇದನ್ನು ಇಟ್ಟು ಓದಿಸಬೇಕು ಎಂಬುದು ನಮ್ಮ ಹಕ್ಕೊತ್ತಾಯ.

ಮಂಗಳೂರಲ್ಲೇ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದ ಕುದ್ಮುಲ್ ರಂಗರಾಯರು, ದಲಿತ ಮಕ್ಕಳು ಓದಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅಂದವರು. ದೊಡ್ಡ ಮನಸ್ಸು. ಆದರೆ ಅಂಥವರ ಕನಸಿನಲ್ಲೂ ನಮ್ಮವರಿಗೆ ರಸ್ತೆ ಇತ್ತು, ಹಡಗು ಇರಲಿಲ್ಲ.

ಹಡಗಿನ ದಾರಿಯನ್ನು ಸರಕಾರ ಮಾಡಿದ್ದು 1954-55ರಲ್ಲಿ, ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಹೆಸರಿನಲ್ಲಿ. 2022ರಲ್ಲಿ ಕೇಂದ್ರ ಸರಕಾರ ಅದರ ನಿಯಮ ತಿದ್ದಿತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಇವುಗಳ ಮೇಲೆ ಸಂಶೋಧನೆ ಮಾಡುವವರಿಗೆ ಈ ಹಣ ಇಲ್ಲ. ಇದರ ಅರ್ಥ ಎಂತದು? ಬಾಬಾಸಾಹೇಬರು 1916ರಲ್ಲಿ ಕೊಲಂಬಿಯಾದಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರಲ್ಲ, ಆ ವಿಷಯ ಹಿಡಿದು ಅವರೇ ಅರ್ಜಿ ಹಾಕಿದ್ದರೆ ಈ ನಿಯಮದ ಕೆಳಗೆ ವಾಪಸ್ ಬರುತ್ತಿತ್ತು. ಎಂಜಿನಿಯರಿಂಗ್ ಓದು, ನಿನ್ನನ್ನು ತುಳಿದದ್ದು ಯಾವುದು ಅಂತ ಮಾತ್ರ ಓದಬೇಡ. ಕಣ್ಣು ಕೊಡುತ್ತೇವೆ, ಊರಿನ ಕಡೆ ನೋಡಬೇಡ. ಪರದೇಶದ ಓದು ಹೊಸ ಕಣ್ಣು ಕೊಡುತ್ತದೆ ಎಂದು ಭಾಷಣ ಬಿಗಿದ ವಿಮರ್ಶಕರಲ್ಲಿ ಎಷ್ಟು ಜನ ಈ ನಿಯಮದ ಬಗ್ಗೆ ಬಾಯಿ ಬಿಟ್ಟರು?

ಸ್ವಂತ ದುಡ್ಡಲ್ಲಿ ಹೋಗಿ ಅನ್ನುವವರಿಗೆ ಒಂದು ಲೆಕ್ಕ. ಜರ್ಮನಿಗೆ ಓದಲು ಹೋಗುವವರು ವರ್ಷದ ಖರ್ಚಿಗೆ ಅಂತ ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಇಡಬೇಕಾದ ಹಣ 2024ರ ಸೆಪ್ಟೆಂಬರಿನಲ್ಲಿ 11,904 ಯೂರೋಗೆ ಏರಿತು; ನಮ್ಮ ರೂಪಾಯಿಯಲ್ಲಿ ಹತ್ತು ಲಕ್ಷಕ್ಕೂ ಮೇಲೆ. ದೊಡ್ಡ ಸಾಲಕ್ಕೆ ಬ್ಯಾಂಕಿನವರು ಜಾಗದ ಪತ್ರ ಕೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ದಲಿತರ ಕೈಯಲ್ಲಿ ಜಾಗ ಇದ್ದರೆ ಅದು ಹೆಚ್ಚಾಗಿ ಡಿ.ಸಿ. ಮನ್ನಾ ಜಾಗ, ಇಲ್ಲವೇ ಸರಕಾರ ಮಂಜೂರು ಮಾಡಿದ ಐದು ಸೆಂಟ್ಸು. ಮಂಜೂರಾದ ಜಾಗವನ್ನು ಸರಕಾರದ ಅಪ್ಪಣೆ ಇಲ್ಲದೆ ಮಾರುವಂತಿಲ್ಲ ಎಂಬ 1978ರ ಪಿ.ಟಿ.ಸಿ.ಎಲ್. ಕಾಯ್ದೆ ನಮ್ಮನ್ನು ಉಳಿಸಿದ ಕಾಯ್ದೆ, ಅದು ಇರಲೇಬೇಕು. ಅದೇ ಪತ್ರ ಮ್ಯಾನೇಜರರ ಮೇಜಿನ ಮೇಲೆ ಬಿದ್ದಾಗ ಅವರು ತಲೆ ಅಲ್ಲಾಡಿಸುತ್ತಾರೆ.

ಹೀಗಿದ್ದೂ ಹೋದವರು ಇದ್ದಾರೆ, ಲಂಡನ್ನಿಗೆ, ಬರ್ಲಿನ್ನಿಗೆ. ಗೆಳೆಯರೇ, ನೀವು ಬರೆಯಿರಿ. ಹಿಮ ಬಿದ್ದದ್ದನ್ನು ಬರೆಯುವವರು ಬೇಕಾದಷ್ಟಿದ್ದಾರೆ. ನಿಮ್ಮ ಕೋಣೆಯ ಬಾಡಿಗೆ ಎಷ್ಟು, ಅಲ್ಲಿ ಸಿಕ್ಕ ನಮ್ಮ ದೇಶದವರು ಹೆಸರು ಕೇಳಿದ ಮೇಲೆ ಮನೆತನದ ಹೆಸರು ಯಾಕೆ ಕೇಳಿದರು, ಅಡಿಗೆ ಮನೆ ಹಂಚಿಕೊಳ್ಳುವಾಗ ಯಾರು ಪಾತ್ರೆ ಬೇರೆ ಇಟ್ಟರು, ರಜೆಗೆ ಊರಿಗೆ ಬಂದು ಬಸ್ಸು ಇಳಿದಾಗ ಮೊದಲು ಯಾರು ಏನು ಕೇಳಿದರು, ಅದನ್ನು ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಕಾಗುಣಿತ ತಪ್ಪಿದರೆ ನಾವು ತಿದ್ದಿಕೊಳ್ಳುತ್ತೇವೆ.