ಸಾಲದ ಕೊಡಲಿ: ಬೈಬಲ್ಲಿನ ಕಬ್ಬಿಣ ಯಾರ ಕೈಲಿತ್ತು?

ಧರ್ಮಗ್ರಂಥಗಳನ್ನು ಕೆಲವರು ಕೈಮುಗಿದು ಓದುತ್ತಾರೆ. ಇನ್ನು ಕೆಲವರು ಇದೆಲ್ಲ ಪುರೋಹಿತರ ಕಟ್ಟುಕತೆ ಅಂತ ಮುಚ್ಚಿಡುತ್ತಾರೆ. ಈ ಎರಡರಿಂದಲೂ ದುಡಿಯುವ ಜನಕ್ಕೆ ಏನೂ ಸಿಗುವುದಿಲ್ಲ ಅಂತ ನಮ್ಮ ಅನಿಸಿಕೆ. ಗ್ರಂಥ ಯಾರದೇ ಇರಲಿ, ಅದರೊಳಗೆ ದುಡಿದವರು ಯಾರು, ದುಡಿಸಿಕೊಂಡವರು ಯಾರು, ಹತಾರ ಯಾರ ಕೈಲಿತ್ತು ಅಂತ ಕೇಳುತ್ತಾ ಓದಬೇಕು. ಹೀಗೆ ಕೇಳಿಕೊಂಡೇ ನಾವು ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಕಬ್ಬಿಣದ ಮಾತು ಬರುವ ಕಡೆಗಳನ್ನು ಓದಿದೆವು. ಅಲ್ಲಿ ಕಬ್ಬಿಣ ಬಲದ ಗುರುತು, ರಾಜದಂಡದ ಗುರುತು ಅಂತ ಉಪದೇಶಗಳಲ್ಲಿ ಹೇಳುತ್ತಾರೆ. ನಿಜವೇ. ಆದರೆ ಯಾರ ಬಲ? ಯಾರ ಬೆನ್ನಿನ ಮೇಲಿನ ದಂಡ?

ಸಮುವೇಲನ ಮೊದಲ ಪುಸ್ತಕದ 13ನೇ ಅಧ್ಯಾಯ ತೆಗೆಯಿರಿ. ಇಸ್ರಾಯೇಲ್ಯರ ನಾಡಿನಲ್ಲಿ ಒಬ್ಬ ಕಮ್ಮಾರನೂ ಇರಲಿಲ್ಲ. ಈ ಜನ ಕತ್ತಿ ಈಟಿ ಮಾಡಿಕೊಂಡಾರು ಅಂತ ಕರಾವಳಿಯ ಫಿಲಿಷ್ಟಿಯರು ಹಾಗೆ ಮಾಡಿದ್ದರು. ನೇಗಿಲಿನ ಕುಳ, ಗುದ್ದಲಿ, ಕೊಡಲಿ ಹರಿತ ಮಾಡಿಸಬೇಕಾದರೆ ಗುಡ್ಡಗಾಡಿನ ರೈತ ಇಳಿದು ಶತ್ರುವಿನ ಕುಲುಮೆಗೇ ಹೋಗಬೇಕು. ಯುದ್ಧದ ದಿನ ಬಂದಾಗ ಅರಸ ಸೌಲ, ಅವನ ಮಗ ಯೋನಾತಾನ ಇಬ್ಬರನ್ನು ಬಿಟ್ಟರೆ ಯಾರ ಕೈಲೂ ಕತ್ತಿ ಇಲ್ಲ, ಈಟಿ ಇಲ್ಲ.

ಇಲ್ಲಿ ಒಂದು ಮಾತು ಗಮನಿಸಬೇಕು. ನಾಡಿನಲ್ಲಿ ಕಬ್ಬಿಣವಿರಲಿಲ್ಲ ಅಂತ ಆ ಅಧ್ಯಾಯ ಹೇಳುವುದಿಲ್ಲ, ಕಮ್ಮಾರ ಇರಲಿಲ್ಲ ಅನ್ನುತ್ತದೆ. ಕಬ್ಬಿಣದ ಗುಟ್ಟು ಫಿಲಿಷ್ಟಿಯರಿಗೆ ಮಾತ್ರ ಗೊತ್ತಿತ್ತು ಎಂಬ ಹಳೆಯ ವಾದವನ್ನು ಇಂದು ಬಹಳ ಪುರಾತತ್ವಜ್ಞರು ಒಪ್ಪುವುದಿಲ್ಲ. ಗುಡ್ಡಗಾಡಿನ ಊರುಗಳ ಉತ್ಖನನದಲ್ಲೂ ಆ ಕಾಲದ ಕಬ್ಬಿಣದ ಸಾಮಾನು ಸಿಕ್ಕಿದೆ. ಲೋಹವಿದ್ದರೂ ಕುಲುಮೆ ಪರರದಾದರೆ ರೈತನ ಗತಿ ಏನು ಅನ್ನುವುದೇ ಆ ಕಥೆಯ ತಿರುಳು.

ಈ ಹರಿತಕ್ಕೆ ರೈತ ಕೊಟ್ಟ ಕೂಲಿ ಎಷ್ಟು? ಅದೂ ಅದೇ ಅಧ್ಯಾಯದಲ್ಲಿದೆ. ಹೀಬ್ರೂ ಮೂಲದಲ್ಲಿ 'ಪಿಮ್' ಎಂಬ ಒಂದು ಪದ ಬರುತ್ತದೆ. ಇಡೀ ಬೈಬಲ್ಲಿನಲ್ಲಿ ಅದು ಇನ್ನೆಲ್ಲೂ ಇಲ್ಲ. ಅರ್ಥ ತಿಳಿಯದ ಪಂಡಿತರು ಊಹೆ ಮಾಡಿದರು. 1611ರ ಪ್ರಸಿದ್ಧ ಇಂಗ್ಲಿಷ್ ಅನುವಾದದಲ್ಲಿ ಅದು 'ಅರ' ಆಯಿತು. ಅಂದರೆ ರೈತರ ಹತ್ತಿರ ಹತಾರ ಉಜ್ಜಿಕೊಳ್ಳಲು ಅರವಾದರೂ ಇತ್ತು ಅಂತ ಜನ ಓದಿಕೊಂಡರು. ಮುಂದೆ ಪ್ಯಾಲೆಸ್ತೀನಿನ ನೆಲ ಅಗೆದಾಗ ಅದೇ ಪದ ಕೆತ್ತಿದ ಸಣ್ಣ ತೂಕದ ಕಲ್ಲುಗಳು ಸಿಕ್ಕವು. ಒಂದೊಂದರ ತೂಕ ಸುಮಾರು 7.8 ಗ್ರಾಂ, ಶೆಕೆಲ್‌ನ ಮೂರರಲ್ಲಿ ಎರಡು ಪಾಲು. 20ನೇ ಶತಮಾನದಲ್ಲಿ ಗುಟ್ಟು ಬಿಟ್ಟಿತು. ಪಿಮ್ ಅಂದರೆ ಅರವಲ್ಲ, ಬೆಲೆ! ಆಗ ನಾಣ್ಯವಿರಲಿಲ್ಲ, ಬೆಳ್ಳಿ ತೂಗಿ ಕೊಡಬೇಕಿತ್ತು. ಕುಳಕ್ಕೆ, ಗುದ್ದಲಿಗೆ ಒಂದು ಪಿಮ್. ಕೊಡಲಿಗೆ, ಮುಳ್ಳುಗೋಲಿನ ಮೊನೆಗೆ ಅದರರ್ಧ. ಇಂದಿನ ಹಲವು ಅನುವಾದಗಳು ಹೀಗೆಯೇ ಓದುತ್ತವೆ.

ರೈತ ತೆತ್ತ ಬೆಲೆ ಮುನ್ನೂರು ವರ್ಷ ಅವನಿಗಿದ್ದ ಸವಲತ್ತಿನ ಹಾಗೆ ಓದಿಸಿಕೊಂಡಿತು. ಇದರಲ್ಲಿ ಯಾರ ಸಂಚೂ ಇಲ್ಲ, ಪದ ಗೊತ್ತಿರಲಿಲ್ಲ ಅಷ್ಟೆ. ಆದರೂ ಕುಳ ತಟ್ಟಿಸಲು ಕುಲುಮೆ ಮುಂದೆ ಕಾದು ಕೂತವರು ಆ ಸಾಲು ಓದಿದ್ದರೆ 'ಕಾಸೆಷ್ಟು ಕೊಟ್ಟರು?' ಅಂತ ಮೊದಲೇ ಕೇಳುತ್ತಿದ್ದರು.

ಇನ್ನೊಂದು ಕಥೆ ಅರಸುಗಳ ಎರಡನೆಯ ಪುಸ್ತಕದ 6ನೇ ಅಧ್ಯಾಯದಲ್ಲಿದೆ. ಎಲೀಷನ ಶಿಷ್ಯರು ಇರಲು ಜಾಗ ಸಾಲದೆ ಯೊರ್ದನ್ ದಡದಲ್ಲಿ ಮರ ಕಡಿಯುತ್ತಿದ್ದಾರೆ. ಒಬ್ಬನ ಕೊಡಲಿ ಕಾವಿನಿಂದ ಕಳಚಿ ನೀರಿಗೆ ಬೀಳುತ್ತದೆ. ಅಯ್ಯೋ, ಸಾಲ ತಂದದ್ದಲ್ಲ ಅದು ಅಂತ ಅವನು ಬಾಯಿ ಬಡಿದುಕೊಳ್ಳುತ್ತಾನೆ. ಎಲೀಷ ಒಂದು ಕೋಲು ಕಡಿದು ಎಸೆದಾಗ ಕಬ್ಬಿಣ ತೇಲಿ ಬರುತ್ತದೆ. ಉಪದೇಶಿಗಳು ತೇಲಿದ ಕಬ್ಬಿಣವನ್ನು ಕೊಂಡಾಡುತ್ತಾರೆ. ನಮ್ಮ ಕಿವಿಗೆ ಬಿದ್ದದ್ದು ಆ ಕೂಗು. ಮನೆ ಕಟ್ಟಿಕೊಳ್ಳುವವನ ಹತ್ತಿರ ಸ್ವಂತ ಕೊಡಲಿ ಇಲ್ಲ!

ಹೀಗೆ ಹತಾರವಿಲ್ಲದ ಜನ ತಮ್ಮ ಹಿಂದಿನ ಜೀತವನ್ನು ನೆನೆಯುವಾಗಲೂ ಕಬ್ಬಿಣವನ್ನೇ ನೆನೆಯುತ್ತಾರೆ. ಅವರನ್ನು ದುಡಿಸಿಕೊಂಡ ಐಗುಪ್ತ ದೇಶಕ್ಕೆ ಧರ್ಮೋಪದೇಶಕಾಂಡ ಕೊಡುವ ಹೆಸರು ಕಬ್ಬಿಣದ ಕುಲುಮೆ. ಬಯಲುಸೀಮೆಯ ಕಾನಾನ್ಯರನ್ನು ಓಡಿಸಲಾಗದ್ದಕ್ಕೆ ನ್ಯಾಯಸ್ಥಾಪಕರ ಪುಸ್ತಕ ಕೊಡುವ ಕಾರಣ ಅವರ ಕಬ್ಬಿಣದ ರಥಗಳು. ದೇವರು ಜೊತೆಗಿದ್ದರೂ ರಥ ಜೊತೆಗಿರಲಿಲ್ಲ. ಇಲ್ಲಿಯವರೆಗೆ ಕಬ್ಬಿಣವೆಂದರೆ ಎದುರಾಳಿಯದು, ತುಳಿಯುವವನದು.

ಹಂಗಾದ್ರೆ ಕಬ್ಬಿಣ ಇವರ ಕೈಗೆ ಬಂದ ಮೇಲೆ ಏನಾಯಿತು? ಇಲ್ಲೇ ನಾವು ಎಚ್ಚರವಾಗಿ ಓದಬೇಕಾದ್ದು. ಸೌಲನ ನಂತರ ಬಂದ ದಾವೀದ ಅಮ್ಮೋನಿಯರ ರಬ್ಬಾ ಪಟ್ಟಣ, ಅಂದರೆ ಇಂದಿನ ಅಮ್ಮಾನ್, ಹಿಡಿದಾಗ ಅಲ್ಲಿಯ ಜನರನ್ನು ಗರಗಸ, ಕಬ್ಬಿಣದ ಹಾರೆ, ಕಬ್ಬಿಣದ ಕೊಡಲಿಗಳಿಗೆ ಒಪ್ಪಿಸಿದ ಅಂತ ಸಮುವೇಲನ ಎರಡನೆಯ ಪುಸ್ತಕ ಹೇಳುತ್ತದೆ. ಆ ಹತಾರಗಳಿಂದ ಕೊಂದನೋ ಬಿಟ್ಟಿ ದುಡಿಸಿದನೋ ಅಂತ ಪಂಡಿತರಲ್ಲಿ ವಾದವಿದೆ. ಅಮ್ಮೋನಿಯರಿಗೆ ಎರಡೂ ಕಬ್ಬಿಣದ ಕುಲುಮೆಯೇ. ನಿನ್ನೆ ಕುಲುಮೆಯಲ್ಲಿ ಬೆಂದವನು ಇಂದು ಇನ್ನೊಬ್ಬರಿಗೆ ಕುಲುಮೆಯಾದ. ಎರಡೇ ಕತ್ತಿಯಿದ್ದ ನಾಡಿನ ಅರಸ ಈಗ ತೂಗಲಾಗದಷ್ಟು ಕಬ್ಬಿಣ ಕೂಡಿಟ್ಟ ಅಂತ ಪೂರ್ವಕಾಲವೃತ್ತಾಂತ ಹೊಗಳುತ್ತದೆ.

ದಾವೀದನ ಮಗ ಸೊಲೊಮೋನ ದೇವಾಲಯ ಕಟ್ಟಿಸಿದ. ದೇವರ ಬಲಿಪೀಠದ ಕಲ್ಲಿಗೆ ಕಬ್ಬಿಣ ಸೋಕಬಾರದು ಅಂತ ಹಳೆಯ ಕಟ್ಟಳೆ. ಹೊಲದಲ್ಲಿ ಸಿಕ್ಕ ಕಲ್ಲು ಹಾಗೆ ಹಾಗೇ ಪೇರಿಸಿ ಬಡವನೂ ಪೂಜೆ ಮಾಡಬಹುದಾದ ಕಾಲದ ಕಟ್ಟಳೆ ಅದು. ಕಬ್ಬಿಣ ಆಯುಷ್ಯ ಕಡಿಯುತ್ತದೆ, ಬಲಿಪೀಠ ಆಯುಷ್ಯ ಬೆಳೆಸುತ್ತದೆ ಅಂತ ಯೆಹೂದಿ ಗುರುಗಳು ಮುಂದೆ ಅದಕ್ಕೆ ಒಳ್ಳೆಯ ಅರ್ಥವನ್ನೇ ಕೊಟ್ಟರು. ಸೊಲೊಮೋನನ ಕಾಲದಲ್ಲಿ ಅದೇನಾಯಿತು ನೋಡ್ರಿ. ದೇವಾಲಯ ಕಟ್ಟುವಾಗ ಆ ಜಾಗದಲ್ಲಿ ಸುತ್ತಿಗೆ, ಕೊಡಲಿ, ಯಾವ ಕಬ್ಬಿಣದ ಸದ್ದೂ ಕೇಳಲಿಲ್ಲ ಅಂತ ಅರಸುಗಳ ಮೊದಲ ಪುಸ್ತಕ ಹೆಮ್ಮೆಯಿಂದ ಬರೆಯುತ್ತದೆ. ಯಾಕೆ ಕೇಳಲಿಲ್ಲ? ಕಲ್ಲನ್ನೆಲ್ಲ ಗಣಿಯಲ್ಲೇ ಕಡಿದು ಕೆತ್ತಿ ತಂದರು. ಸದ್ದು ಇರಲಿಲ್ಲ ಅಂತಲ್ಲ, ದೂರ ಇತ್ತು. ಒಡೆಯನಿಗೆ ಕೇಳದಷ್ಟು ದೂರ.

ಆ ಗಣಿಯಲ್ಲಿ, ಕಾಡಿನಲ್ಲಿ ಎಷ್ಟು ಜನ? ಅದೇ ಪುಸ್ತಕದ ಲೆಕ್ಕ ಇದು: ಬಿಟ್ಟಿಗೆ ಹಿಡಿದವರು 30,000, ಹೊರೆ ಹೊರುವವರು 70,000, ಕಲ್ಲು ಕಡಿಯುವವರು 80,000, ಮೇಲೆ ನಿಂತು ಮಾಡಿಸುವವರು 3,300. ಅಂಕಿ ದೊಡ್ಡದು ಮಾಡಿ ಬರೆದಿರಬಹುದು, ಆದರೆ ಬರೆದವರಿಗೆ ಅದು ಹೆಮ್ಮೆಯ ಅಂಕಿ. ಇಸ್ರಾಯೇಲ್ಯರನ್ನೇ ಬಿಟ್ಟಿಗೆ ಹಿಡಿದ ಅಂತ 5ನೇ ಅಧ್ಯಾಯ ಹೇಳಿದರೆ, ಇಸ್ರಾಯೇಲ್ಯರಲ್ಲಿ ಯಾರನ್ನೂ ಗುಲಾಮರನ್ನಾಗಿ ಮಾಡಲಿಲ್ಲ ಅಂತ 9ನೇ ಅಧ್ಯಾಯ ಸಮಜಾಯಿಷಿ ಕೊಡುತ್ತದೆ. ಆಸ್ಥಾನದ ಲೇಖನಿ ಎಲ್ಲ ಕಾಲದಲ್ಲೂ ಒಂದೇ.

ಜನ ಮಾತ್ರ ಮರೆಯಲಿಲ್ಲ. ಸೊಲೊಮೋನ ಸತ್ತ ಮೇಲೆ ಅವನ ಮಗ ರೆಹಬ್ಬಾಮನ ಮುಂದೆ ನಿಂತು, ನಿಮ್ಮಪ್ಪ ಹೊರಿಸಿದ ನೊಗ ಇಳಿಸು ಅಂದರು. ಅವನು ಇನ್ನೂ ಭಾರ ಮಾಡುತ್ತೇನೆ ಅಂದ. ಬಿಟ್ಟಿ ಕೆಲಸದ ಮೇಲಿನ ಅಧಿಕಾರಿ ಅದೋರಾಮನನ್ನು ಅವರ ಬಳಿಗೆ ಕಳಿಸಿದ. ಜನ ಅವನನ್ನು ಕೊಂದದ್ದು ಕತ್ತಿಯಿಂದಲ್ಲ, ಕಲ್ಲೆಸೆದು. ಕಲ್ಲು ಕಡಿದವರ ಉತ್ತರ ಕಲ್ಲಿನಲ್ಲೇ ಬಂತು. ರಾಜ್ಯ ಎರಡಾಯಿತು.

ಕೊನೆಗೆ ಕ್ರಿ.ಪೂ. 597ರಲ್ಲಿ ಬಾಬೆಲಿನ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದ. ಅವನು ಸೆರೆ ಒಯ್ದವರಲ್ಲಿ ಕುಶಲಕರ್ಮಿಗಳು, ಕಮ್ಮಾರರು ಸೇರಿ 1,000 ಮಂದಿ. ಫಿಲಿಷ್ಟಿಯರು ಮಾಡಿದ್ದೂ ಇದೇ ಅಲ್ವಾ? ಒಂದು ಜನಾಂಗವನ್ನು ಬಗ್ಗಿಸಬೇಕಾದರೆ ಅದರ ಕಮ್ಮಾರರನ್ನು ಕಸಿದುಕೋ ಅನ್ನುವ ಪಾಠವನ್ನು ಗೆದ್ದವರು ಚೆನ್ನಾಗಿ ಬಲ್ಲರು.

ಆ ಕಮ್ಮಾರನ ಬದುಕು ಹೇಗಿತ್ತು? ಯೆಶಾಯನ 44ನೇ ಅಧ್ಯಾಯದ ಕವಿ ಅವನನ್ನು ಹತ್ತಿರದಿಂದ ಕಂಡಿದ್ದಾನೆ. ಕೆಂಡದ ಮುಂದೆ ಬಡಿದು ಬಡಿದು ಹಸಿದು ಬಲಗುಂದುವವನು, ನೀರು ಕುಡಿಯದೆ ಸೊರಗುವವನು. ಆದರೆ ಕವಿಯ ಗುರಿ ವಿಗ್ರಹವನ್ನು ಹೀಗಳೆಯುವುದು. ಹಸಿಯುವವನು ಮಾಡಿದ್ದು ದೇವರಾದೀತೇ ಅನ್ನುವುದು ಅವನ ವಾದ. ವಾದ ಸರಿ ಇರಬಹುದು. ದುಡಿದವನು ಯಾಕೆ ಹಸಿದ ಅಂತ ಮಾತ್ರ ಅವನು ಕೇಳಲಿಲ್ಲ. ನಾವು ಕೇಳಬೇಕು.

ಕತ್ತಿ ಬಡಿದು ಕುಳ ಮಾಡುವ ಕಾಲ ಬರುತ್ತದೆ ಅಂತ ಯೆಶಾಯ, ಮೀಕ ಇಬ್ಬರ ಪುಸ್ತಕದಲ್ಲೂ ಇದೆ. ಸೋವಿಯತ್ ದೇಶ 1959ರಲ್ಲಿ ವಿಶ್ವಸಂಸ್ಥೆಗೆ ಕೊಟ್ಟ ಪ್ರತಿಮೆಯೂ ಆ ಕನಸಿನದೇ. ಕುಳ ಬಡಿದು ಕತ್ತಿ ಮಾಡಿರೆಂದು ಯೋವೇಲನ ಪುಸ್ತಕ ಕರೆ ಕೊಡುತ್ತದೆ. ಎರಡು ಕೆಲಸಕ್ಕೂ ಕುಲುಮೆ ಬೇಕು. ಕುಲುಮೆ ಪರರ ಕೈಲಿರುವ ತನಕ ಕತ್ತಿ ಯಾವಾಗ ಕುಳವಾಗಬೇಕು, ಕುಳ ಯಾವಾಗ ಕತ್ತಿಯಾಗಬೇಕು ಅನ್ನುವುದನ್ನು ಅವರೇ ತೀರ್ಮಾನಿಸುತ್ತಾರೆ.

ಆದ್ದರಿಂದ ಮೇಷ್ಟ್ರುಗಳೇ, ಗೆಳೆಯರೇ, ತೇಲಿದ ಕೊಡಲಿಯ ಕಥೆ ಯಾರಾದರೂ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಒಂದೇ ಪ್ರಶ್ನೆ ಕೇಳಿ. ಪವಾಡ ನಡೆಯಿತು, ಕೊಡಲಿ ಮೇಲೆ ಬಂತು, ಸರಿ. ಮರ ಕಡಿದಾದ ಮೇಲೆ ಅದು ಯಾರ ಮನೆಗೆ ವಾಪಸ್ ಹೋಯಿತು?