ಹಾಥಾರ್ನನ ಬಯಲು ಚಿತ್ರಶಾಲೆ

ಬಯಲಿನಲ್ಲಿ ಕುಳಿತು ನಿಸರ್ಗದೃಶ್ಯವನ್ನು ಬರೆಯುವುದು ಒಂದು ಮಾತು. ಅದನ್ನು ಬಯಲಿನಲ್ಲಿಯೇ ನಿಂತು ಹತ್ತಾರು ಮಂದಿಗೆ ಕಲಿಸುವುದು ಬೇರೊಂದು ಮಾತು. ಕೊಠಡಿಯೊಳಗೆ ಗಾರೆಯ ಪ್ರತಿಮೆಯು ಬೆಳಗಿನಿಂದ ಬೈಗಿನವರೆಗೆ ಅಲುಗದೆ ನಿಂತಿರುತ್ತದೆ. ಉತ್ತರದ ಕಿಟಕಿಯಿಂದ ಬರುವ ಬೆಳಕೂ ಹೆಚ್ಚಾಗಿ ಮಾರ್ಪಡುವುದಿಲ್ಲ. ಗುರುವು ಶಿಷ್ಯನ ಹಲಗೆಯನ್ನು ಪ್ರತಿಮೆಯೊಡನೆ ಹೋಲಿಸಿ ನೋಡಿ, ಮೂಗು ಒಂದೆಳೆ ಉದ್ದವಾಯಿತೆಂದು ತಿದ್ದಬಹುದು. ಬಯಲಿನಲ್ಲಿ ಈ ಸೌಕರ್ಯವಿಲ್ಲ. ಮೊದಲನೆಯ ಶಿಷ್ಯನನ್ನು ತಿದ್ದಿ ಇಪ್ಪತ್ತನೆಯವನ ಬಳಿಗೆ ಬರುವಷ್ಟರಲ್ಲಿ ಗೋಡೆಯ ಮೇಲಿದ್ದ ನೆರಳು ಜಾರಿ ಬೀದಿಗೆ ಬಿದ್ದಿರುತ್ತದೆ. ಆಗ ನೀಲಿಯಾಗಿದ್ದುದು ಈಗ ಕಂದಾಗಿರುತ್ತದೆ. ಸಾಕ್ಷಿಗೆ ಕರೆಯಬೇಕಾದ ವಸ್ತುವೇ ಓಡಿಹೋದ ಮೇಲೆ ಗುರುವು ತೀರ್ಪು ಕೊಡುವುದು ಯಾವ ಆಧಾರದಿಂದ? ಈ ತೊಡಕನ್ನು ಬಿಡಿಸಲು ಹೊರಟವರಲ್ಲಿ ಅಮೆರಿಕದ ಚಾರ್ಲ್ಸ್ ವೆಬ್‌ಸ್ಟರ್ ಹಾಥಾರ್ನನ ಯತ್ನವು ವಿಶೇಷವಾಗಿ ವಿಚಾರಾರ್ಹವೆಂದು ನಮಗೆ ತೋರುತ್ತದೆ.

ಹಾಥಾರ್ನನು ಹುಟ್ಟಿದುದು 1872ರಲ್ಲಿ. ಬೆಳೆದುದು ಮೇನ್ ಪ್ರಾಂತದ ಹಡಗುಗಾರರ ನಡುವೆ. ನ್ಯೂಯಾರ್ಕಿಗೆ ಬಂದು ಚಿತ್ರ ಕಲಿತು, ವಿಲಿಯಂ ಮೆರಿಟ್ ಚೇಸನು 1891ರಿಂದ ಲಾಂಗ್ ಐಲೆಂಡಿನ ಶಿನೆಕಾಕ್ ದಿಬ್ಬಗಳಲ್ಲಿ ನಡೆಸುತ್ತಿದ್ದ ಬೇಸಗೆಯ ಶಾಲೆಯನ್ನು ಸೇರಿ, ಅಲ್ಲಿಯೇ ಗುರುವಿಗೆ ಸಹಾಯಕನಾದನು. ಚೇಸನು ಶಿಷ್ಯರೆದುರಿಗೆ ತಾನೇ ಕುಂಚವನ್ನು ಹಿಡಿದು ಬರೆದು ತೋರಿಸುವುದರಲ್ಲಿ ಸಿದ್ಧಹಸ್ತ. ಅಂಥ ಪ್ರದರ್ಶನದಿಂದ ಶಿಷ್ಯರಿಗೆ ಉತ್ಸಾಹವೇನೋ ಬರುತ್ತದೆ. ಆದರೆ ಅವರು ಕಲಿಯುವುದು ಬಹುಮಟ್ಟಿಗೆ ಗುರುವಿನ ಮಣಿಕಟ್ಟಿನ ಬಳುಕನ್ನು. 1899ರಲ್ಲಿ ಹಾಥಾರ್ನನು ಮ್ಯಾಸಚೂಸೆಟ್ಸಿನ ಕೇಪ್ ಕಾಡ್ ಭೂಶಿರದ ತುದಿಯಲ್ಲಿರುವ ಪ್ರಾವಿನ್ಸ್‌ಟೌನ್ ಎಂಬ ಮೀನುಗಾರರ ಊರಿನಲ್ಲಿ ಸ್ವಂತ ಶಾಲೆಯನ್ನು ತೆರೆದನು. ಸುತ್ತಲೂ ಕಡಲು, ಬಿಳಿಯ ಮರಳು, ಮರದ ಮನೆಗಳು, ಹಡಗುಕಟ್ಟೆಗಳು, ಪೋರ್ಚುಗೀಸ್ ಮೂಲದ ಬೆಸ್ತರು. 1930ರಲ್ಲಿ ಆತನು ತೀರಿಕೊಳ್ಳುವವರೆಗೂ ಆ ಶಾಲೆಯು ನಡೆಯಿತು.

ಆತನು ಮಾಡಿದ ಮೊದಲ ಕೆಲಸವೆಂದರೆ ಶಿಷ್ಯರ ಕೈಯಿಂದ ಕುಂಚವನ್ನು ಕಿತ್ತುಕೊಂಡುದು. ಅದಕ್ಕೆ ಬದಲಾಗಿ ಬಡಗಿಗಳು ಕಿಟಕಿಯ ಗಾಜಿಗೆ ಮೇಣವನ್ನು ಮೆತ್ತುವಂಥ ಅಗಲವಾದ ಮೊಂಡು ಚೂರಿಯನ್ನು ಕೊಟ್ಟನು. ಊರಿನ ಹುಡುಗನನ್ನೋ ಹುಡುಗಿಯನ್ನೋ ಸಮುದ್ರತೀರದಲ್ಲಿ ಬಿಸಿಲಿಗೆ ಬೆನ್ನಾಗಿ ನಿಲ್ಲಿಸಿ, ತಲೆಗೆ ಅಗಲವಾದ ಟೋಪಿಯನ್ನಿಟ್ಟು ಬರೆಯಹೇಳುತ್ತಿದ್ದನು. ಹಿಂದೆ ಕಣ್ಣು ಕೋರೈಸುವ ಮರಳು, ನೀರು. ಮುಂದೆ ನೆರಳಿನಲ್ಲಿ ಮುಳುಗಿದ ಮುಖ. ಆ ಚೂರಿಯಿಂದ ಕಣ್ಣುರೆಪ್ಪೆಯನ್ನು ಬರೆಯುವುದು ಸಾಧ್ಯವಿಲ್ಲ. ಮುಖವೆಂದರೆ ಒಂದು ಕಂದುಬಣ್ಣದ ಮುದ್ದೆ, ಟೋಪಿಯೆಂದರೆ ಮತ್ತೊಂದು. ಮೂಗು ಬಾಯಿಗಳಿಲ್ಲದ ಆ ಚಿತ್ರಗಳನ್ನು ಜನರು 'ಕೆಸರುತಲೆ'ಗಳೆಂದು ಕರೆದರು. ಹೆಸರು ಪರಿಹಾಸದ್ದಾದರೂ ಯಥಾರ್ಥವಾಗಿದೆ.

ಇದರ ಗುಟ್ಟೇನು? ಎಳೆಯ ಚಿತ್ರಕಾರನು ಮನೆಯನ್ನು ನೋಡಿ ಮನೆಯನ್ನೇ ಬರೆಯುತ್ತಾನೆ. ಬಾಗಿಲೆಷ್ಟು, ಕಿಟಕಿಯೆಷ್ಟು ಎಂದು ಎಣಿಸುತ್ತಾನೆ. ಮರದ ಎಲೆ ಹಸುರೆಂಬುದು ಅವನಿಗೆ ಮೊದಲೇ ಗೊತ್ತು. ಅವನು ನೋಡುತ್ತಿರುವುದು ನಾಮವನ್ನು, ರೂಪವನ್ನಲ್ಲ. ಸಂಜೆಯ ಬಿಸಿಲಿನಲ್ಲಿ ಆ ಹಸುರು ಕೆಂಪಿಗೆ ತಿರುಗಿದ್ದರೂ ಅವನ ಕಣ್ಣು ಒಪ್ಪಿಕೊಳ್ಳದು. ಹಾಥಾರ್ನನ ಚೂರಿಯು ಈ ನಾಮವನ್ನು ಕತ್ತರಿಸುವ ಉಪಾಯ. ವಸ್ತುವನ್ನು ಮರೆತು ಒಂದು ವರ್ಣದ ಪಕ್ಕದಲ್ಲಿ ಇನ್ನೊಂದನ್ನು ಸರಿಯಾಗಿಟ್ಟರೆ ಸಾಕು, ವಸ್ತುವು ತಾನಾಗಿಯೇ ಮೂಡುತ್ತದೆಂಬುದು ಆತನ ಸಿದ್ಧಾಂತ. ಸಂಗೀತದಲ್ಲಿ ಸರಳೆ ವರಸೆಯನ್ನು ಹಾಡಿಸುವ ನಮ್ಮ ಗುರುಗಳಿಗೆ ಇದು ಹೊಸದೇನೂ ಅಲ್ಲ. ಸ್ವರಕ್ಕೂ ಸ್ವರಕ್ಕೂ ಇರುವ ಅಂತರವು ಕಿವಿಗೆ ನಿಂತ ಹೊರತು ಸಾಹಿತ್ಯವನ್ನು ಅವರು ಬಾಯಿಗೆ ಕೊಡುವುದಿಲ್ಲ.

ಮೊದಲು ಹೇಳಿದ ಸಾಕ್ಷಿಯ ತೊಡಕೂ ಇದರಿಂದಲೇ ಪರಿಹಾರವಾಯಿತು. ಹಾಥಾರ್ನನು ಶಿಷ್ಯರ ಹಲಗೆಗಳನ್ನು ಶಾಲೆಯೊಳಗೆ ಸಾಲಾಗಿ ಇಡಿಸಿ, ಎಲ್ಲರೆದುರಿಗೂ ವಿಮರ್ಶೆ ಮಾಡುತ್ತಿದ್ದನು. ಹುಡುಗಿಯೂ ಇಲ್ಲ, ಮರಳೂ ಇಲ್ಲ. ಹಾಗಿದ್ದರೂ ನೆರಳಿನ ಬಣ್ಣವು ಬಿಸಿಲಿನ ಬಣ್ಣದೊಡನೆ ಒಂದೇ ಗಳಿಗೆಗೆ ಸೇರಿದ್ದೋ ಅಲ್ಲವೋ ಎಂಬುದು ಹಲಗೆಯ ಮೇಲೆಯೇ ತಿಳಿಯುತ್ತದೆ. ಸುಳ್ಳು ಹೇಳಿದ ಬಣ್ಣವು ನೆರೆಯ ಬಣ್ಣದಿಂದ ಸಿಕ್ಕಿಬೀಳುತ್ತದೆ. ಬಯಲಿನ ಪಾಠವೆಂದರೆ ದೃಶ್ಯಕ್ಕೆ ಚಿತ್ರವನ್ನು ಹೋಲಿಸುವುದಲ್ಲ, ಚಿತ್ರದೊಳಗಿನ ಸಾಮರಸ್ಯವನ್ನು ಪರೀಕ್ಷಿಸುವುದೆಂದು ಇಷ್ಟು ನಿಚ್ಚಳವಾಗಿ ಕಂಡುಕೊಂಡ ಶಿಕ್ಷಕರು ವಿರಳ.

ಈ ವಿಮರ್ಶೆಗಳನ್ನು ಶಿಷ್ಯರು ಗುರುತುಹಾಕಿಕೊಂಡಿದ್ದರು. ಆತನ ಪತ್ನಿಯು ಅವನ್ನು ಕೂಡಿಸಿ 1938ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ಒಂದೊಂದು ಮಾತೂ ಯಾವುದೋ ಒಂದು ಹಲಗೆಯನ್ನು ನೋಡಿ ಆಡಿದುದು; ಹಲಗೆ ನಮ್ಮ ಮುಂದಿಲ್ಲ. ಆದುದರಿಂದ ಪುನರುಕ್ತಿ ಹೇರಳವಾಗಿದೆ. ಸಾಮಾನ್ಯ ವಸ್ತುವಿನಲ್ಲಿ ಸೌಂದರ್ಯವನ್ನು ಕಾಣಬೇಕೆಂಬ ಉಪದೇಶವು ಸತ್ಯವೇ ಆದರೂ ಹತ್ತನೆಯ ಸಲಕ್ಕೆ ಸಪ್ಪೆಯಾಗುತ್ತದೆ. ವರ್ಣಗಳ ನೆರೆಹೊರೆಯನ್ನು ಕುರಿತು ಆಡಿದ ಮಾತುಗಳಾದರೋ ಇಂದಿಗೂ ಬಾಡಿಲ್ಲ.

ಆಕ್ಷೇಪಣೆಗೆ ಎಡೆಯಿಲ್ಲವೆಂದಲ್ಲ. ಹಾಥಾರ್ನನು ಶಿಷ್ಯರಿಗೆ ಹೇಳಿದುದು, ಮುಗಿಸುವ ಗೋಜಿಗೆ ಹೋಗದೆ ಅನೇಕ ಚಿತ್ರಗಳನ್ನು ತೊಡಗಬೇಕೆಂದು. ತಾನಾದರೋ ಒಳಗೆ ಕುಳಿತು, ಹಳೆಯ ಯೂರೋಪಿಯನ್ ಗುರುಗಳ ಗಂಭೀರವರ್ಣಗಳಲ್ಲಿ, ಮುಗಿಸಿದ ಚಿತ್ರಗಳನ್ನು ಬರೆದನು. ಮದುವೆಯ ಉಡುಪಿನ ಸಿದ್ಧತೆಯಲ್ಲಿರುವ ತರುಣಿಯನ್ನು ತೋರಿಸುವ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹದಲ್ಲಿರುವ 1910ರ ಚಿತ್ರವೇ ಇದಕ್ಕೆ ಸಾಕ್ಷಿ. ತೊಡಗುವುದನ್ನು ಕಲಿಸಿದ ಶಾಲೆಯು ಮುಗಿಸುವುದನ್ನು ಕಲಿಸಲಿಲ್ಲವೆಂಬ ಕೊರತೆಯನ್ನು ನಾವು ಮರೆಮಾಚಲಾರೆವು.

ಆ ಕೊರತೆಯ ಫಲವನ್ನು ಇಬ್ಬರು ಶಿಷ್ಯರಲ್ಲಿ ನೋಡಬಹುದು. ಹೆನ್ರಿ ಹೆನ್ಷೆಯು ಗುರುವಿನ ತರುವಾಯ ಅದೇ ಊರಿನಲ್ಲಿ ಶಾಲೆಯನ್ನು ನಡೆಸಿ, ಬಣ್ಣಬಣ್ಣದ ಮರದ ತುಂಡುಗಳನ್ನು ಬಿಸಿಲಿನಲ್ಲಿಟ್ಟು ಬರೆಯಿಸುವ ಕ್ರಮವನ್ನು ಬೆಳಸಿದನು. 1992ರಲ್ಲಿ ಕಾಲವಾದ ಆತನ ನಿಷ್ಠೆ ಅಸಾಧಾರಣವಾದುದು. ಆದರೆ ಈ ಸಂಪ್ರದಾಯದ ಚಿತ್ರಗಳನ್ನು ಒಟ್ಟಿಗೆ ನೋಡಿದಾಗ ಬಿಸಿಲೇ ಎಲ್ಲವನ್ನೂ ಬರೆದಂತಿದೆ, ಬರೆದವನನ್ನು ಹುಡುಕಬೇಕಾಗುತ್ತದೆ. ಎಡ್ವಿನ್ ಡಿಕಿನ್ಸನ್ನನ ದಾರಿ ಬೇರೆ. ಗುರುವಿನಿಂದ ಅವನು ತೆಗೆದುಕೊಂಡುದು ವರ್ಣದ ಉಜ್ವಲತೆಯನ್ನಲ್ಲ, ಮಚ್ಚೆಯ ಪಕ್ಕದಲ್ಲಿ ಮಚ್ಚೆಯನ್ನಿಡುವ ನಿಖರತೆಯನ್ನು. ಬಯಲಿನಲ್ಲಿ ಒಂದೇ ಬೈಠಕ್ಕಿನಲ್ಲಿ ಬರೆದು ಎದ್ದುಬಿಡುತ್ತಿದ್ದ ಅವನ ಚಿಕ್ಕ ದೃಶ್ಯಗಳು ಬೂದುಬಣ್ಣದವು, ಮಂಜಿನಲ್ಲಿ ಅರ್ಧ ಕರಗಿದವು. ಗುರುವಿನ ಬಿಸಿಲು ಅವುಗಳಲ್ಲಿ ಹುಡುಕಿದರೂ ಸಿಕ್ಕದು. ಅದೇ ಮನುಷ್ಯನು ಮನೆಯೊಳಗೆ 'ದಾಫ್ನೆಯ ಅವಶೇಷ' ಎಂಬ ಒಂದೇ ಚಿತ್ರವನ್ನು 1943ರಿಂದ 1953ರವರೆಗೆ, ಒರೆಸುತ್ತಲೂ ತಿದ್ದುತ್ತಲೂ, ಬರೆಯುತ್ತಿದ್ದನು.